ನೋಮ್ ಬಾರ್ಬೇರಿಯನ್ ಮಾಡ್ತೇನೆ ಅಂದ್ರೆ ಮಂಡೆ ಸರಿ ಉಂಟಾ ಅಂತ ಕೇಳ್ತಿದ್ದಾರೆ

ಗೋಳಿಬಜೆ_ಡಿ20:

ನಾವು ಐದು ಜನ ಕದ್ರಿ ಹತ್ರ ಒಬ್ಬನ ಫ್ಲ್ಯಾಟಲ್ಲಿ ಭಾನುವಾರ ಊಟ ಮುಗಿಸಿ ಡಿ ಆಂಡ್ ಡಿ (ಡಂಜನ್ಸ್ ಆಂಡ್ ಡ್ರ್ಯಾಗನ್ಸ್, ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು ಡೈಸ್ ಉರುಳಿಸಿ ಕತೆ ಆಡುವ ಆಟ) ಆಡೋದು, ಫಿಫ್ತ್ ಎಡಿಶನ್, ಇನ್ನೂ 2014ರ ಹಳೇ ರೂಲ್ಸೇ. ಹೋದ ಕ್ಯಾಂಪೇನಲ್ಲಿ ನಂದು ಹ್ಯೂಮನ್ ಫೈಟರ್. ಎಂಟು ತಿಂಗಳು "ಹೊಡೀತೇನೆ" ಅನ್ನೋದು ಬಿಟ್ಟು ಬೇರೆ ಎಂತದಾದ್ರೂ ಹೇಳಿದ್ದು ನೆನಪಿಲ್ಲ ಮಾರ್ರೆ. ಈಗ ಮಳೆ ಹಿಡಿದಿದೆ, ಎಲ್ಲಿಗೂ ಹೋಗ್ಲಿಕ್ಕಿಲ್ಲ, ಹೊಸತು ಶುರು ಮಾಡುವ ಅಂತ ಆಯ್ತು, ನನ್ನ ಮಂಡೆಯಲ್ಲಿ ಕೂತಿರೋದು ಒಂದೇ, ನೋಮ್ ಬಾರ್ಬೇರಿಯನ್, ಅಂದ್ರೆ ರೇಸ್ (ಕುಲ) ಕುಳ್ಳ ನೋಮ್, ಕ್ಲಾಸ್ (ಕಸುಬು) ಸಿಟ್ಟಲ್ಲಿ ಕಾದಾಡುವ ಬಾರ್ಬೇರಿಯನ್. ಮೂರಡಿ ಜನ, ಕೈಯಲ್ಲಿ ಕೊಡಲಿ, ಸಿಟ್ಟು ನೆತ್ತಿಗೇರಿದ್ರೆ ಎದುರಿರೋದು ಓಗರ್ ರಾಕ್ಷಸ ಆದ್ರೂ ಕೇರ್ ಇಲ್ಲ.

ಹೇಳಿದ್ದೇ ತಡ ಎಲ್ರೂ ಶುರು. ರೋಗ್ (ಕಳ್ಳರ ಕ್ಲಾಸ್) ಆಡುವವಳು "ನಾನು ನಿನ್ನ ಹಿಂದೆ ಅಡಗಿ ಕೂರ್ಬೇಕಲ್ಲ, ನಿನ್ನ ಹಿಂದೆ ಅಡಗ್ಲಿಕ್ಕೆ ನಂಗೆ ಮಲಗ್ಬೇಕಾಗ್ತದೆ" ಅಂದ್ಲು. ಕ್ಲೆರಿಕ್ (ಪುರೋಹಿತ) ಆಡೋದು ನನ್ನ ಭಾವ, ಅವರಂತೂ "ನೋಮ್ ಬೇಕಾದ್ರೆ ವಿಝರ್ಡ್ ಮಾಡು, ಇಂಟೆಲಿಜೆನ್ಸ್ +2 ಪುಕ್ಕಟೆ ಸಿಗ್ತದೆ, ಅದು ಬಿಟ್ಟು ಬಾರ್ಬೇರಿಯನ್ ಅಂದ್ರೆ ಮೀನ್ ಮಾರ್ಕೆಟಿಗೆ ಹೋಗಿ ಬಸಳೆ ತಂದ ಹಾಗೆ" ಅಂತ. ಡಿಎಂ (ಆಟ ನಡೆಸುವವ) ಮಾತ್ರ ನಕ್ಕು ಸುಮ್ಮನಾದ, ನಂಗೆ ಅದೇ ಜಾಸ್ತಿ ಹೆದರಿಕೆ.

ಗೊತ್ತುಂಟು, ಸ್ಟ್ರೆಂತ್‌ಗೆ ಬೋನಸ್ ಇಲ್ಲ, ಸ್ಪೀಡ್ 25 ಅಡಿ ಮಾತ್ರ, ಗ್ರೇಟ್‌ಆಕ್ಸ್ (ಎರಡು ಕೈಯ ದೊಡ್ಡ ಕೊಡಲಿ) ಹಿಡಿದ್ರೆ ಡಿಸ್‌ಅಡ್ವಾಂಟೇಜ್ (ಎರಡು ಸಲ ಡೈಸ್ ಹಾಕಿ ಕಮ್ಮಿ ಬಿದ್ದದ್ದೇ ಲೆಕ್ಕ). ನಂಗೆ ಬೇಕಾದ್ದು ಲೆಕ್ಕ. ನಿಜವಾಗಿ ಎಷ್ಟು ನಷ್ಟ ಆಗ್ತದೆ? ಆಟ ಹಾಳಾಗುವಷ್ಟಾ? ಆರೆಂಟು ತಿಂಗಳು ಎಳೆಯುವ ಕ್ಯಾಂಪೇನ್, ಮೂರನೇ ವಾರಕ್ಕೆ ಪಶ್ಚಾತ್ತಾಪ ಆಗ್ಬಾರ್ದು.

ಮಲ್ಪೆ_ಮಿಮಿಕ್:

ನಿಮ್ಮ ಭಾವನಿಗೆ ಈ ಲೆಕ್ಕ ತೋರಿಸಿ.

ರಾಕ್ ನೋಮ್ ತಗೊಳ್ಳಿ, ಅದರಲ್ಲಿ ಕಾನ್‌ಸ್ಟಿಟ್ಯೂಶನ್‌ಗೆ +1 ಉಂಟು. ಪಾಯಿಂಟ್ ಬೈನಲ್ಲಿ (27 ಪಾಯಿಂಟ್ ಖರ್ಚು ಮಾಡಿ ಸ್ಕೋರ್ ಕೊಳ್ಳೋದು) ಸ್ಟ್ರೆಂತ್ 15, ಡೆಕ್ಸ್ (ಚುರುಕು) 14, ಕಾನ್ (ಮೈಯ ಗಟ್ಟಿತನ) 15, ವಿಜ್ಡಂ 10, ಉಳಿದೆರಡೂ 8. ರೇಸ್ ಬೋನಸ್ ಸೇರಿಸಿದ್ರೆ ಕಾನ್ 16, ಇಂಟೆಲಿಜೆನ್ಸ್ 10. ಒಂದನೇ ಲೆವೆಲಲ್ಲಿ 15 ಹಿಟ್ ಪಾಯಿಂಟ್ (ಜೀವ), ಬರೀ ಮೈಯಲ್ಲಿ ಎಸಿ (ಪೆಟ್ಟು ತಾಗ್ಲಿಕ್ಕೆ ಎದುರಿನವರು ಮುಟ್ಟಬೇಕಾದ ಸಂಖ್ಯೆ) 15, ಶೀಲ್ಡ್ ಹಿಡಿದ್ರೆ 17. ಇದು ಯಾವ ಲೆಕ್ಕದಲ್ಲಿ ಪಾಪದ ಕ್ಯಾರೆಕ್ಟರ್ ಅಂತ ನಂಗೆ ಅರ್ಥ ಆಗ್ಲಿಲ್ಲ.

ಈಗ ಇದೇ ಜಾಗದಲ್ಲಿ ಎಲ್ರೂ ಮಾಡುವ ಹಾಫ್ ಆರ್ಕ್ ಇಟ್ಟು ನೋಡಿ. ಅವನ ಸ್ಟ್ರೆಂತ್ 17, ಅಂದ್ರೆ +3. ನಿಮ್ಮದು +2. ವ್ಯತ್ಯಾಸ ಡಿ20 (ಇಪ್ಪತ್ತು ಮುಖದ ಡೈಸ್) ಮೇಲೆ ಒಂದು, ನೂರಕ್ಕೆ ಐದು. ಎರಡನೇ ಲೆವೆಲಲ್ಲಿ ರೆಕ್‌ಲೆಸ್ ಅಟ್ಯಾಕ್ (ಅಡ್ವಾಂಟೇಜಲ್ಲಿ, ಅಂದ್ರೆ ಎರಡು ಸಲ ಡೈಸ್ ಹಾಕಿ ಜಾಸ್ತಿ ಬಿದ್ದದ್ದು ತಗೊಂಡು ಹೊಡೆಯೋದು) ಬಂದ್ಮೇಲೆ ಎಸಿ 14ರ ಶತ್ರುವಿಗೆ ಅವನು ನೂರರಲ್ಲಿ 84 ಸಲ ತಾಗಿಸ್ತಾನೆ, ನೀವು 80 ಸಲ. ತಾಗಿದಾಗ ಡ್ಯಾಮೇಜ್ ಒಂದು ಕಮ್ಮಿ. ಗ್ರೇಟ್‌ಆಕ್ಸ್ ಬದಲು ಬ್ಯಾಟಲ್‌ಆಕ್ಸ್ ಎರಡು ಕೈಯಲ್ಲಿ ಹಿಡಿದ್ರೆ ಡಿ12 ಹೋಗಿ ಡಿ10, ಸರಾಸರಿಯಲ್ಲಿ ಇನ್ನೊಂದು ಕಮ್ಮಿ. ಇಷ್ಟೇ ನಷ್ಟ. ಇದಕ್ಕೇ ಮಂಡೆ ಬಿಸಿ ಮಾಡ್ಕೊಂಡದ್ದಾ?

ಹಠಕ್ಕೆ ಬಿದ್ದು ಗ್ರೇಟ್‌ಆಕ್ಸೇ ಬೇಕು ಅನ್ಬೇಡಿ. ರೆಕ್‌ಲೆಸ್‌ನ ಅಡ್ವಾಂಟೇಜೂ ಅದರ ಡಿಸ್‌ಅಡ್ವಾಂಟೇಜೂ ವಜಾ ಆಗಿ ಸಾದಾ ರೋಲ್ ಉಳೀತದೆ, ಆದ್ರೆ ಶತ್ರುಗಳಿಗೆ ನಿಮ್ಮ ಮೇಲೆ ಅಡ್ವಾಂಟೇಜ್ ಹಾಗೇ ಇರ್ತದೆ. ದುಡ್ಡು ಕೊಟ್ಟು ಪೆಟ್ಟು ತಿಂದ ಹಾಗೆ.

ಲಾಭದ ಕಡೆ ಯಾರೂ ನೋಡೋದೇ ಇಲ್ಲ. ಬಾರ್ಬೇರಿಯನ್ ಸಾಯೋದು ಕತ್ತಿ ಪೆಟ್ಟಿಗೆ ಅಲ್ಲ ಮಾರ್ರೆ, ವಿಜ್ಡಂ ಸೇವಿಗೆ (ಸೇವ್ ಅಂದ್ರೆ ಮಂತ್ರದಂಥದ್ದರಿಂದ ತಪ್ಪಿಸ್ಕೊಳ್ಳುವ ರೋಲ್). ರೇಜ್‌ನಲ್ಲಿ ಕತ್ತಿ ಬಾಣ ಎಲ್ಲ ಅರ್ಧ, ಸರಿ, ಮೂಲೆಯಲ್ಲಿ ನಿಂತ ಒಬ್ಬ ಬಡಕಲು ಮಂತ್ರವಾದಿ ಬಾಯಲ್ಲೇ ಗುಣುಗುಟ್ಟಿ ಹೋಲ್ಡ್ ಪರ್ಸನ್ ಹಾಕಿದ್ರೆ ಅಷ್ಟು ದೊಡ್ಡ ಆಸಾಮಿ ಮರದ ಬೊಂಬೆ, ಹತ್ತಿರದಿಂದ ಬಿದ್ದ ಪ್ರತಿ ಪೆಟ್ಟೂ ಕ್ರಿಟಿಕಲ್ (ಡ್ಯಾಮೇಜ್ ಡೈಸ್ ಎರಡು ಪಟ್ಟು). ಡಾಮಿನೇಟ್ (ಮನಸ್ಸು ವಶ ಮಾಡುವ ಮಂತ್ರ) ಆದ್ರೆ ಇನ್ನೂ ಚಂದ, ಆ ಕೊಡಲಿ ತಿರುಗೋದು ನಿಮ್ಮ ಭಾವನ ಕಡೆಗೇ. ನೋಮ್‌ಗೆ ಇಂಟೆಲಿಜೆನ್ಸ್, ವಿಜ್ಡಂ, ಕರಿಸ್ಮಾ ಮೂರರ ಸೇವಿಗೂ ಮ್ಯಾಜಿಕ್ ವಿರುದ್ಧ ಅಡ್ವಾಂಟೇಜ್. ಡಿಸಿ (ಸೇವಿಗೆ ಮುಟ್ಟಬೇಕಾದ ಸಂಖ್ಯೆ) 13 ಅಂದ್ಕೊಳ್ಳಿ, ವಿಜ್ಡಂ 10ರ ಬೇರೆ ಬಾರ್ಬೇರಿಯನ್ ನೂರರಲ್ಲಿ 40 ಸಲ ಬಚಾವ್, ನೀವು 64 ಸಲ. ಸ್ಟ್ರೆಂತ್ ಕಾನ್ ಸೇವ್ ಹೇಗೂ ಕ್ಲಾಸಿನಲ್ಲೇ ಉಂಟು, ಎರಡನೇ ಲೆವೆಲಲ್ಲಿ ಡೇಂಜರ್ ಸೆನ್ಸ್ ಬಂದ್ರೆ ಕಣ್ಣಿಗೆ ಕಾಣುವ ಡೆಕ್ಸ್ ಸೇವೂ ಆಯ್ತು. ಆರಕ್ಕೆ ಆರೂ ಕಡೆ ಬೇಲಿ ಹಾಕಿದ ಹಾಗೆ. ಇರುವ ಬಲಕ್ಕೆ ಇನ್ನೊಂದು ಚಮಚ ಬಲ ಹಾಕೋದಕ್ಕಿಂತ ಇರುವ ತೂತು ಮುಚ್ಚುವ ರೇಸ್ ಹಿಡಿಯೋದು ನಂಗೆ ಯಾವತ್ತೂ ಇಷ್ಟ.

ಬಂದರ್_ಬಾರ್ಡ್:

ಲೆಕ್ಕ ಸರಿ, ಅದ್ರಲ್ಲಿ ತಕರಾರಿಲ್ಲ. ನನ್ನ ಹೆದರಿಕೆ ಬೇರೆ. ಮಣಿಪಾಲದಲ್ಲಿ ಓದುವಾಗ ನಮ್ಮ ಟೇಬಲಲ್ಲಿ ಒಬ್ಬ ಹಾಫ್ ಆರ್ಕ್ ವಿಝರ್ಡ್ ಮಾಡಿದ್ದ. ಅದೇನೂ ತಪ್ಪಲ್ಲ, ಆ ರೇಸಿಗೆ ಸಾಯುವ ಹೊತ್ತಿಗೆ ಒಂದು ಹಿಟ್ ಪಾಯಿಂಟಲ್ಲಿ ಎದ್ದು ನಿಲ್ಲುವ ಶಕ್ತಿ ಉಂಟು, ಡಿ6 ಹಿಟ್ ಡೈಸಿನ ವಿಝರ್ಡಿಗೆ ಅದು ಬಂಗಾರ. ಆದ್ರೆ ಈ ಪುಣ್ಯಾತ್ಮ "ನಮ್ಮವ ದಡ್ಡ" ಅಂತ ಬೇಕೂಂತಲೇ ಇಂಟೆಲಿಜೆನ್ಸ್ 12 ಇಟ್ಟ. ಸ್ಪೆಲ್ ಡಿಸಿ 11. ಗಾಬ್ಲಿನ್‌ಗಳೂ ಅವನ ಮ್ಯಾಜಿಕ್‌ಗೆ ಕ್ಯಾರೇ ಅನ್ತಿರ್ಲಿಲ್ಲ, ಪ್ರತಿ ಸಲ ಅವನು "ನಮ್ಮವ ದಡ್ಡ, ಎಂತ ಮಾಡೋದು" ಅಂತ ನಗೋದು, ಕೆಲಸ ನಾವು ಮಾಡೋದು. ಮೊದಲ ವಾರ ಎಲ್ರೂ ನಕ್ಕೆವು, ಎರಡನೇ ವಾರ ಅವನೊಬ್ಬನೇ ನಕ್ಕ, ನಾಲ್ಕನೇ ವಾರಕ್ಕೆ ಇಬ್ಬರು ಬರೋದೇ ಬಿಟ್ರು.

ಹಾಗಾಗಿ ಕೇಳೋದು, ಕುಳ್ಳ ಅನ್ನೋ ಕುಶಾಲು ಬಿಟ್ಟು ನಿಮ್ಮ ನೋಮ್‌ನಲ್ಲಿ ಬೇರೆ ಎಂತ ಉಂಟು? ಸಿಟ್ಟು ಯಾಕೆ ಬರ್ತದೆ ಅವನಿಗೆ? ಉತ್ತರ ಇಲ್ಲಾಂದ್ರೆ ಭಾವ ಹೇಳಿದ್ದು ಕೇಳಿ.

ಗೋಳಿಬಜೆ_ಡಿ20:

ಮಿಮಿಕ್, ಆ 64ರ ಲೆಕ್ಕ ಭಾವನಿಗೆ ವಾಟ್ಸಾಪ್ ಮಾಡಿದೆ, ಬ್ಲೂ ಟಿಕ್ ಬಂದಿದೆ, ಉತ್ತರ ಇಲ್ಲ.

ಬಾರ್ಡ್ ಅವರು ಕೇಳಿದ್ದು ತಾಗಿತು, ನಿಜ ಹೇಳ್ಬೇಕಂದ್ರೆ ಸಿಟ್ಟು ಯಾಕೆ ಅಂತ ಯೋಚನೆ ಮಾಡಿರ್ಲಿಲ್ಲ. ಒಂದು ಐಡಿಯಾ ಇತ್ತು, ರೇಜ್ ಅಂದ್ರೆ ದರ್ಶನ ಬಂದ ಹಾಗೆ, ಮೈಮೇಲೆ ಬರೋದು...

ಚೌಕಿ_ಡಿಎಂ:

ಅದು ಬೇಡ. ದೈವವನ್ನು ಆಟದ ಮೇಜಿಗೆ ಎಳೀಬೇಡಿ ಮಾರಾಯ್ರೇ, ನಿಮ್ಮ ಐವರಲ್ಲಿ ಒಬ್ಬರ ಮನೆಯಲ್ಲಾದ್ರೂ ನಂಬಿ ನಡ್ಕೊಂಡು ಬಂದದ್ದು ಇರ್ತದೆ, ಡೈಸ್ ಉರುಳಿಸಿ ಕುಶಾಲು ಮಾಡುವ ವಿಷಯ ಅಲ್ಲ ಅದು.

ಅದರ ಬದಲು ಯಕ್ಷಗಾನದ ಬಣ್ಣದ ವೇಷ ನೋಡಿ. ಅದು ಕಟ್ಟಿದ್ದು, ಬೆಳಿಗ್ಗೆ ಬಿಚ್ಚಿ ಪೆಟ್ಟಿಗೆಗೆ ಹಾಕುವಂಥದ್ದು. ನಾನು ಸಣ್ಣವನಿರುವಾಗ ನಮ್ಮೂರ ಗದ್ದೆಗೆ ಬರ್ತಿದ್ದ ಮೇಳದಲ್ಲಿ ಬಣ್ಣದ ವೇಷ ಮಾಡ್ತಿದ್ದವರು ನನ್ನ ಅಪ್ಪನ ಭುಜಕ್ಕೆ ಬರ್ತಿದ್ರು ಅಷ್ಟೆ. ತೆಳ್ಳಗಿನ ಜನ, ಮಾತು ಮೆತ್ತಗೆ. ಸಂಜೆ ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಸಣ್ಣ ಕನ್ನಡಿ ಹಿಡ್ಕೊಂಡು ಕೂತ್ರೆ ಅಕ್ಕಿ ಹಿಟ್ಟು ಸುಣ್ಣ ಕಲಸಿದ್ದನ್ನು ಕಡ್ಡಿಯಲ್ಲಿ ತೆಗೆದು ಮುಖಕ್ಕೆ ಒಂದೊಂದೇ ಚಿಟ್ಟಿ ಇಡ್ತಾ ಇರೋದು, ಗಂಟೆಗಟ್ಟಲೆ, ಮುಳ್ಳುಹಂದಿ ಹಾಗೆ ಆಗುವ ತನಕ. ನಾವು ಮಕ್ಕಳು ಬಾಗಿಲಲ್ಲಿ ನಿಂತು ನೋಡಿದ್ರೆ ಬಾಯಿ ಅಲ್ಲಾಡಿಸದೆ "ಹೋಗಿ ಮಲ್ಕೊಳ್ಳಿ ಮಕ್ಳೇ, ಆಮೇಲೆ ಹೆದರ್ತೀರಿ" ಅನ್ನೋರು. ನಡುರಾತ್ರಿ ಕಳೆದು ಸಭೆಯ ಹಿಂದಿನಿಂದ ದೊಂದಿ, ದೊಂದಿಗೆ ರಾಳದ ಪುಡಿ ಎರಚಿದಾಗ ಭಗ್ ಅಂತ ಬೆಂಕಿ, ಚೆಂಡೆ, ಆ ಆರ್ಭಟ. ಅದೇ ಜನ ಅಂತ ನಂಬ್ಲಿಕ್ಕೇ ಆಗ್ತಿರ್ಲಿಲ್ಲ. ತಲೆ ಮೇಲಿನ ಕಿರೀಟ ಸೇರಿಸಿದ್ರೆ ಅಪ್ಪನಿಗಿಂತ ಎತ್ತರ. ನಾನು ಹೆದರಿದ್ದು ಹೌದು, ಚಾಪೆ ಒದ್ದೆ ಆಗಿತ್ತಾ ಅಂತ ಕೇಳ್ಬೇಡಿ.

ನಿಮ್ಮ ನೋಮ್ ಅದು. ಹಗಲು ಗಡಿಯಾರ ರಿಪೇರಿ ಮಾಡುವ ಮೆತ್ತಗಿನ ಜನ (ರಾಕ್ ನೋಮ್‌ಗೆ ಟಿಂಕರ್ ಅಂತ ಉಂಟಲ್ಲ, ಒಂದು ಗಂಟೆ ಕೂತು 10 ಗೋಲ್ಡ್ ಖರ್ಚು ಮಾಡಿದ್ರೆ ಕೀಲಿ ಕೊಡುವ ಆಟಿಕೆಯೋ ಬೆಂಕಿ ಹೊತ್ತಿಸುವ ಡಬ್ಬಿಯೋ ಮಾಡ್ಬಹುದು, ಅದನ್ನು ಬಿಡ್ಬೇಡಿ), ಜಗಳ ಬಂದ್ರೆ ಒಳಗಿಂದ ಇನ್ನೊಂದು ವೇಷ ಹೊರಡ್ತದೆ. ಮತ್ತೆ ಇದಕ್ಕೆ ಸರಿಯಾಗಿ ಕೂರುವ ಸಬ್‌ಕ್ಲಾಸೇ ಉಂಟು, 2023ರಲ್ಲಿ ಬಂದ ಪಾತ್ ಆಫ್ ದಿ ಜಯಂಟ್. ಮೂರನೇ ಲೆವೆಲಿಂದ ರೇಜ್ ಮಾಡಿದ್ರೆ ಲಾರ್ಜ್ ಸೈಜ್ ಆಗ್ತೀರಿ, ಕೈ ಇನ್ನೂ ಐದಡಿ ಜಾಸ್ತಿ ದೂರ ಎಟಕ್ತದೆ. ಸ್ಮಾಲ್ ಆಗಿದ್ದಾಗ ಮನುಷ್ಯನ ಗಾತ್ರದ ತನಕ ಮಾತ್ರ ಹಿಡ್ಕೊಳ್ಳಿಕ್ಕಾಗೋದು, ಲಾರ್ಜ್ ಆದ್ರೆ ಓಗರ್ ಮಾತ್ರ ಅಲ್ಲ, ಅದಕ್ಕಿಂತ ದೊಡ್ಡ ಜಯಂಟನ್ನೂ ಗ್ರ್ಯಾಪಲ್ ಮಾಡ್ಬಹುದು, ಅದಕ್ಕೆ ರೇಜಿನ ಅಡ್ವಾಂಟೇಜ್ ಬೇರೆ. ಹೆವಿ ಆಯುಧದ ಡಿಸ್‌ಅಡ್ವಾಂಟೇಜ್ ಸ್ಮಾಲ್ ಇದ್ದವರಿಗೆ ಮಾತ್ರ, ಆ ಹೊತ್ತಿಗೆ ನೀವು ಸ್ಮಾಲೇ ಅಲ್ಲ. ಜಾಗ ಇಲ್ಲದ ಸುರಂಗದಲ್ಲಿ ಮಾತ್ರ ದೊಡ್ಡ ಆಗೋದಿಲ್ಲ, ಅದು ರೂಲಲ್ಲೇ ಉಂಟು. ನಾನು ನಿಮ್ಮ ಡಿಎಂ ಆಗಿದ್ರೆ ಮೊದಲ ಡಂಜನ್ನೇ ಇಕ್ಕಟ್ಟು ಮಾಡ್ತಿದ್ದೆ. ಅವನು ನಕ್ಕದ್ದು ಅದಕ್ಕೇ ಇರ್ಬಹುದು.

ಹಳೇ_ಟಿಹೆಚ್‌ಎಸಿ0:

ಈಗಿನವರು ಪುಣ್ಯವಂತರು ಬಿಡಿ. ಹಳೇ ಅಡ್ವಾನ್ಸ್‌ಡ್ ಡಿ ಆಂಡ್ ಡಿಯಲ್ಲಿ ಡ್ವಾರ್ಫ್ ವಿಝರ್ಡ್ ಮಾಡ್ತೇನೆ ಅಂದ್ರೆ ಪುಸ್ತಕದಲ್ಲೇ ಇಲ್ಲ ಅಂತ ಬರ್ದಿತ್ತು, 2000ದಲ್ಲಿ ಮೂರನೇ ಎಡಿಶನ್ ಬಂದ್ಮೇಲೇ ಆ ಬಾಗಿಲು ತೆರೆದದ್ದು. 1981ರ ಬೇಸಿಕ್ ಸೆಟ್ಟಲ್ಲಿ ಎಲ್ಫ್ ಅನ್ನೋದೇ ಒಂದು ಕ್ಲಾಸ್. ಡಿಎಂ ಒಪ್ಪಿದ್ರೆ 2020ರ ತಾಷಾ ಪುಸ್ತಕದ ರೂಲ್ ಹಿಡೀರಿ, ನೋಮ್‌ನ +2 ಸೀದಾ ಸ್ಟ್ರೆಂತ್‌ಗೆ ಹಾಕ್ಬಹುದು, ಮಿಮಿಕ್ ಹೇಳಿದ ನಷ್ಟದಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಹೋಯ್ತು. 2024ರ ರೂಲ್ಸಿಗೆ ಬಂದ್ರೆ ಬೋನಸ್ ಎಲ್ಲ ಬ್ಯಾಕ್‌ಗ್ರೌಂಡಿಗೆ (ಪಾತ್ರದ ಹಿಂದಿನ ಬದುಕು) ಹೋಗಿದೆ, ಫಾರ್ಮರ್ ತಗೊಂಡ್ರೆ ಸ್ಟ್ರೆಂತೂ ಕಾನೂ ಎರಡೂ ಸಿಗ್ತದೆ, ನೋಮ್ ಸ್ಪೀಡೂ 30, ಸ್ಟ್ರೆಂತ್ 13 ಇದ್ರೆ ಗ್ರೇಟ್‌ಆಕ್ಸಿಗೂ ಅಡ್ಡಿ ಇಲ್ಲ. ಆದ್ರೆ ಒಂದು ಹೇಳ್ತೇನೆ, ಬೈಕೊಳ್ಳಿ ಬೇಕಾದ್ರೆ, ಎಲ್ಲ ಅಡ್ಡಿ ತೆಗೆದ್ಮೇಲೆ ನೋಮ್ ಬಾರ್ಬೇರಿಯನ್ ಅಂದ್ರೆ ಆಶ್ಚರ್ಯ ಎಂತ ಉಳೀತು? ಆ ಒಂದು ಪಾಯಿಂಟ್ ಕಮ್ಮಿ ಇರ್ಲಿ ಅಂತ ನಾನು.

ಬಂದರ್_ಬಾರ್ಡ್:

ಗಡಿಯಾರ ರಿಪೇರಿಯವ ಅಂದದ್ದು ಲಾಯ್ಕ ಉಂಟು. ವಾಪಸ್ ತಗೊಂಡೆ, ಮಾಡಿ.

ಗೋಳಿಬಜೆ_ಡಿ20:

ಮೂರು ವಾರ ಆಯ್ತು, ಹೇಳದೆ ಕೂರ್ಲಿಕ್ಕೆ ಆಗ್ಲಿಲ್ಲ.

ತಾಷಾ ರೂಲ್ ಡಿಎಂ ಒಪ್ಪಲಿಲ್ಲ, ನಂಗೂ ಆಗ ಬೇಡ ಅನಿಸಿತು, 15 ಸ್ಟ್ರೆಂತಲ್ಲೇ ಹೊರಟೆ. ಮೊದಲ ವಾರ ಪೂರ್ತಿ ಡಿ20 ಮೇಲೆ ಮೂರು ನಾಲ್ಕು ಬಿಟ್ಟು ಬೇರೆ ಬೀಳ್ಲೇ ಇಲ್ಲ, ಭಾವನ ಮುಖ ನೋಡ್ಬೇಕಿತ್ತು, ಬಸಳೆ ಬಸಳೆ ಅಂತ ಬಾಯಿ ಅಲ್ಲಾಡ್ತಿತ್ತು. ಹೋದ ಭಾನುವಾರ ನೆಲಮಾಳಿಗೆಯಲ್ಲಿ ಕಲ್ಟ್ ಫ್ಯಾನಾಟಿಕ್ (ಮಂತ್ರ ಹಾಕುವ ಮತಾಂಧ ಶತ್ರು) ಒಬ್ಬ ಸಿಕ್ಕಿದ. ಮೊದಲು ಹೋಲ್ಡ್ ಪರ್ಸನ್ ಬಿದ್ದದ್ದು ನಮ್ಮ ಡ್ರ್ಯಾಗನ್‌ಬಾರ್ನ್ ಪ್ಯಾಲಡಿನ್ ಮೇಲೆ, ಆರೂವರೆ ಅಡಿ ಆಳು, ನಿಂತಲ್ಲೇ ಗೂಟ. ಭಾವ ಹೇಗೋ ಫ್ಯಾನಾಟಿಕ್‌ಗೆ ಹೊಡೆದು ಅವನ ಕಾನ್ಸಂಟ್ರೇಶನ್ ಮುರಿದ್ರು, ಮಂತ್ರ ಬಿಟ್ಟಿತು. ಆಗ ಕರೆಂಟ್ ಹೋಯ್ತು, ನಿಜವಾದ ಕರೆಂಟ್, ಮೊಬೈಲ್ ಟಾರ್ಚಲ್ಲಿ ಆಡ್ತಾ ಇದ್ದೇವೆ, ಫ್ಯಾನಾಟಿಕ್ ನನ್ನ ಕಡೆ ತಿರುಗಿದ. ವಿಜ್ಡಂ ಸೇವ್. ಮೊದಲ ಡೈಸ್ 4. ಎರಡನೇದು ಮೇಜಿಂದ ಕೆಳಗೆ ಉರುಳಿ ಸೋಫಾ ಅಡಿಗೆ ಹೋಯ್ತು, ರೋಗ್‌ನವಳು ಅಡ್ಡ ಮಲಗಿ ಟಾರ್ಚ್ ಬಿಟ್ಟು ನೋಡಿ "17" ಅಂದ್ಲು. ಭಾವ ನಂಬದೆ ತಾವೂ ಮಲಗಿ ನೋಡಿದ್ರು. ನಂತರ ನಾನು ಎಂತ ಮಾಡಿದೆ ಅಂತ ಬೇರೆ ಹೇಳ್ಬೇಕಾ, ಚೆಂಡೆ ಒಂದೇ ಕಮ್ಮಿ ಇದ್ದದ್ದು.

ಸ್ಮಾಲ್ ಸೈಜಿನ ಮಿನಿ (ಮೇಜಿನ ಮೇಲೆ ಇಡುವ ಪುಟ್ಟ ಗೊಂಬೆ) ಇಲ್ಲ ಅಂತ ಸದ್ಯಕ್ಕೆ ಅಜ್ಜಿಯ ಚೆನ್ನೆಮಣೆಯಿಂದ ಒಂದು ಕಾಯಿ ತಂದು ನನ್ನ ನೋಮ್ ಅಂತ ಇಟ್ಟಿದ್ದೇನೆ, ಎರಡು ಸಲ ಚಿಪ್ಸ್ ಬಟ್ಟಲಿಗೆ ಬಿದ್ದು ಕಾಣೆ ಆಗಿತ್ತು. ಬರುವ ವಾರ ಮೂರನೇ ಲೆವೆಲ್. ಲಾರ್ಜ್ ಆದಾಗ ಇಡ್ಲಿಕ್ಕೆ ಅಂತ ಮಾವಿನ ಮಿಡಿ ಉಪ್ಪಿನಕಾಯಿ ಬಾಟ್ಲಿಯ ಮುಚ್ಚಳ ತೊಳೆದು ಒಣಗಿಸಿದ್ದೇನೆ, ನಾಲ್ಕು ಚೌಕಕ್ಕೆ ಸರಿಯಾಗಿ ಕೂರ್ತದೆ, ವಾಸನೆ ಮಾತ್ರ ಇನ್ನೂ ಹೋಗ್ಲಿಲ್ಲ.