ಮರು: ಹಿಮನದಿಯ ನೀರು ಪೋಷಕಾಂಶಗಳನ್ನು ಹೊತ್ತು ತರುವುದೋ, ಎತ್ತಿ ತರುವುದೋ?

ಮಾನ್ಯ ಮಾಸ್ತರರೇ,

ಶಿರಸಿಯ ಶಾಲಾ ವಿಜ್ಞಾನ ಪ್ರದರ್ಶನದ ಫಲಕ ನಾಳೆ ಸಂಜೆಯೊಳಗೆ ಬರೆಯುವವರ ಕೈಸೇರಬೇಕೆಂದು ನೀವು ತಿಳಿಸಿದ್ದೀರಿ. ಅದರ ಒಂದು ವಾಕ್ಯವನ್ನು ತಿದ್ದಿಕೊಡಿರೆಂಬ ನಿಮ್ಮ ಕೋರಿಕೆಗೆ ಬಂದಿರುವ ಉತ್ತರಗಳೆಲ್ಲ ‘ಗ್ಲೇಸಿಯರ್’ ಎಂಬುದಕ್ಕೆ ಅಚ್ಚಗನ್ನಡದ ಮಾತು ಯಾವುದೆಂಬ ಜಗಳದಲ್ಲೇ ಮುಗಿದಿವೆ. ‘ಹಿಮನದಿಗಳ ನೀರು ಧ್ರುವ ಸಮುದ್ರಗಳಿಗೆ ಪೋಷಕಾಂಶಗಳನ್ನು ಹೊತ್ತು ತರುತ್ತದೆ’ ಎಂಬ ನಿಮ್ಮ ವಾಕ್ಯದಲ್ಲಿ ತೊಡಕಿರುವುದು ಕ್ರಿಯಾಪದದಲ್ಲಿ. ಅದನ್ನು ಯಾರೂ ಮುಟ್ಟಲಿಲ್ಲ.

ನಾಮಪದಗಳ ಮಾತನ್ನು ಮೊದಲು ಮುಗಿಸುತ್ತೇನೆ. ‘ನೀರ್ಗಲ್ಲ ಹೊಳೆ’ ಬೇಡ. ಓದಿದವರಿಗೆ ಆಲಿಕಲ್ಲು ನೆನಪಾಗುತ್ತದೆಯೇ ಹೊರತು ಮೈಲುಗಟ್ಟಲೆ ಉದ್ದದ ಮಂಜುಗಡ್ಡೆಯಲ್ಲ. ‘ಹಿಮಜಲ’ವೂ ಬೇಡ, ಏಕೆಂದರೆ ಸಂಸ್ಕೃತದಲ್ಲಿ ಹಿಮವೆಂಬುದಕ್ಕೆ ತಣ್ಣನೆಯದು ಎಂಬ ಅರ್ಥವೂ ಇದ್ದು, ಆ ಸಮಾಸ ಬರಿಯ ತಣ್ಣೀರೂ ಆಗಬಹುದು. ‘ಹಿಮಾನಿ’ಯನ್ನು ಸೂಚಿಸಿದವರ ವ್ಯುತ್ಪತ್ತಿ ಸರಿಯಾಗಿದೆ: ಅರಣ್ಯದಿಂದ ಅರಣ್ಯಾನೀ ಆದಂತೆ ಹಿಮದಿಂದ ಹಿಮಾನೀ, ಅಂದರೆ ದೊಡ್ಡ ಹಿಮರಾಶಿ. ನನಗೂ ಪ್ರಿಯವಾದ ಪದವದು. ಆದರೆ ಮಕ್ಕಳು ಪಠ್ಯಪುಸ್ತಕದಲ್ಲಿ ಓದಿರುವುದು ಹಿಮನದಿ, ಆದ್ದರಿಂದ ಫಲಕದಲ್ಲಿ ಅದೇ ಇರಲಿ. ಒಂದು ಎಚ್ಚರಿಕೆ ಮಾತ್ರ ಬೇಕು. ‘ಹಿಮನದಿಯ ನೀರು’ ಎಂದಷ್ಟೇ ಬರೆದರೆ ನಮ್ಮ ಓದುಗರು ಗಂಗೆ, ಯಮುನೆಯಂಥ ಹಿಮಾಲಯದ ನದಿಗಳ ನೀರೆಂದು ತಿಳಿಯುತ್ತಾರೆ. ‘ಹಿಮನದಿ ಕರಗಿ ಬಂದ ನೀರು’ ಎಂದು ಬಿಡಿಸಿ ಬರೆದರೆ ಆ ಗೊಂದಲ ತಪ್ಪುತ್ತದೆ. ಇದು ಸಮಾಸವೇ ಅಲ್ಲವಾದ್ದರಿಂದ, ‘ಹಿಮಕರಗುನೀರು’ ಎಂಬುದರ ವಿರುದ್ಧ ನಿನ್ನೆ ಎತ್ತಿದ, ಸಂಸ್ಕೃತ-ಕನ್ನಡ ಪದಗಳನ್ನು ಬೆಸೆಯುವ ಅರಿಸಮಾಸದ ಆಕ್ಷೇಪಕ್ಕೆ ಇಲ್ಲಿ ಎಡೆಯಿಲ್ಲ. ಒಂದೇ ಪದ ಬೇಕೆಂಬ ಹಟವಿದ್ದರೆ ‘ಕರಗುನೀರು’ ಆಗುತ್ತದೆ. ಹುರಿಗಡಲೆ, ಸುಡುಗಾಡುಗಳನ್ನು ಒಪ್ಪಿದ ಭಾಷೆ ಅದನ್ನೂ ಒಪ್ಪುತ್ತದೆ.

ಇನ್ನು ಕ್ರಿಯಾಪದ. ಜೂನ್ ತಿಂಗಳಲ್ಲಿ ಕಾಳಿ ನದಿ ಕಾರವಾರದ ಕೋಡಿಬಾಗದ ಅಳಿವೆಯಲ್ಲಿ ಕೆಂಪಾಗಿ ಕಡಲಿಗೆ ಬೀಳುವುದನ್ನು ನೋಡಿದವರಿಗೆ ‘ಹೊತ್ತು ತರುತ್ತದೆ’ ಎಂದರೆ ಘಟ್ಟದ ಮಣ್ಣು ನೀರಿನ ಜೊತೆ ಬಂದು ಸಮುದ್ರ ಸೇರುವ ಚಿತ್ರವೇ ಕಣ್ಣಿಗೆ ಬರುತ್ತದೆ. ಧ್ರುವಗಳಲ್ಲಿಯೂ ಅಂಥದ್ದೊಂದು ನಡೆಯುತ್ತದೆ. ಹಿಮನದಿ ತನ್ನ ತಳದ ಬಂಡೆಯನ್ನು ಉಜ್ಜಿ ಉಜ್ಜಿ ನುಣ್ಣನೆಯ ಪುಡಿ ಮಾಡುತ್ತದೆ; ಅದರಲ್ಲಿರುವ ಕಬ್ಬಿಣ, ಸಿಲಿಕಾ, ಒಂದಿಷ್ಟು ರಂಜಕ ನೀರಿನೊಂದಿಗೆ ಕಡಲಿಗೆ ಇಳಿಯುತ್ತವೆ. ಇದರಲ್ಲಿ ಸಿಲಿಕಾ, ಗಾಜಿನಂಥ ಚಿಪ್ಪು ಕಟ್ಟಿಕೊಳ್ಳುವ ಸೂಕ್ಷ್ಮ ಪಾಚಿಗಳಾದ ಡಯಾಟಮ್‌ಗಳಿಗೆ ಬೇಕೇ ಬೇಕು. ಈ ಪುಡಿಗೆ ‘ಹೂಳು’ ಎಂದು ಒಬ್ಬರು ಸೂಚಿಸಿದ್ದಾರೆ, ಆದರೆ ಹೂಳೆಂದರೆ ತಳದಲ್ಲಿ ಕೂತು ತುಂಬಿಕೊಳ್ಳುವುದು. ಇದು ಬಹಳ ಹೊತ್ತು ನೀರಿನಲ್ಲೇ ತೇಲಿಕೊಂಡಿದ್ದು ನೀರನ್ನು ಹಾಲಿನಂತೆ ಮಸುಕಾಗಿಸಿ, ಬೆಳಕನ್ನು ತಡೆದು, ಅಳಿವೆಯ ಬಳಿ ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳಾದ ಸಸ್ಯಪ್ಲವಕಗಳ ಬೆಳವಣಿಗೆಗೆ ಅಡ್ಡಿಯನ್ನೂ ಮಾಡುತ್ತದೆ. ‘ಕಲ್ಲುಹಿಟ್ಟು’ ಎನ್ನಿ, ಸಾಕು.

ಆದರೆ ಬೇಸಿಗೆಯಲ್ಲಿ ಉತ್ತರ ಧ್ರುವದ ಕಡೆಯ ಕಡಲಿಗೆ ಕೊರತೆಯಾಗುವುದು ಹೆಚ್ಚಾಗಿ ನೈಟ್ರೇಟ್ ಎಂಬ ಸಾರಜನಕದ ಪೋಷಕಾಂಶ, ಮತ್ತು ಕರಗಿದ ನೀರಿನಲ್ಲಿ ಅದು ತೀರ ಕಡಿಮೆ. ಹಾಗಾದರೆ ಗ್ರೀನ್‌ಲ್ಯಾಂಡಿನ ಕೆಲವು ಫಿಯಾರ್ಡ್‌ಗಳು (ಹಿಮನದಿ ಕೊರೆದ, ನೆಲದೊಳಗೆ ಚಾಚಿದ ಉದ್ದನೆಯ ಕಡಲತೋಳುಗಳು) ಬೇಸಿಗೆಯುದ್ದಕ್ಕೂ ಸಮೃದ್ಧವಾಗಿರುವುದು ಹೇಗೆ? ಅಲ್ಲಿ ಹಿಮನದಿಯ ತುದಿ ಕಡಲಿನೊಳಗೇ ನಿಂತಿರುತ್ತದೆ. ಮೇಲ್ಮೈಯಲ್ಲಿ ಕರಗಿದ ನೀರು ಬಿರುಕುಗಳಲ್ಲಿ ಇಳಿದು, ಹಿಮನದಿಯ ಅಡಿಯಲ್ಲಿ ಹರಿದು, ಕೆಲವೆಡೆ ನೂರಾರು ಮೀಟರ್ ಆಳದಲ್ಲಿ ಸಮುದ್ರಕ್ಕೆ ಹೊರಬೀಳುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಅದು ಮೇಲಕ್ಕೆ ನುಗ್ಗುತ್ತದೆ, ನುಗ್ಗುವಾಗ ಸುತ್ತಲಿನ ಆಳದ ಕಡಲನೀರನ್ನು ತನ್ನ ಗಾತ್ರದ ಹಲವು ಪಟ್ಟು ಎಳೆದುಕೊಂಡು ಬರುತ್ತದೆ. ಬೆಳಕಿರುವ ಪದರಕ್ಕೆ ನೈಟ್ರೇಟ್ ಮುಟ್ಟುವುದು ಹೀಗೆ; ಅದು ಮೊದಲೇ ಆ ಕಡಲಿನದೇ ಆಗಿತ್ತು. ಇಲ್ಲಿ ಕರಗಿದ ನೀರು ಪೋಷಕಾಂಶವನ್ನು ಹೊರುವುದಿಲ್ಲ, ಎತ್ತುತ್ತದೆ.

ಈ ಎರಡು ಕ್ರಿಯೆಗಳನ್ನು ಒಂದೇ ಮಾತಿನಲ್ಲಿ ಅಡಗಿಸಿದರೆ ಮುಂದಿನ ವಿಷಯವೇ ತಪ್ಪಾಗುತ್ತದೆ. ‘ಹೊತ್ತು ತರುತ್ತದೆ’ ಎಂದು ಓದಿದ ಹುಡುಗ, ಹಿಮ ಹೆಚ್ಚು ಕರಗಿದಷ್ಟೂ ಕಡಲು ಹೆಚ್ಚು ಫಲವತ್ತಾಗುತ್ತದೆ ಎಂದು ತೀರ್ಮಾನಿಸುತ್ತಾನೆ. ಆದರೆ ಹಿಮನದಿ ಹಿಂದೆ ಸರಿದು ಅದರ ತುದಿ ನೆಲದ ಮೇಲೆ ನಿಂತರೆ, ಕರಗಿದ ನೀರು ಕಡಲಿನ ಮೇಲ್ಮೈಗೆ ಹೊಳೆಯಾಗಿ ಸೇರಿ ಹಗುರವಾದ ಪದರವಾಗಿ ಹರಡುತ್ತದೆ, ಆಳದ ನೀರು ಮೇಲೆ ಬರುವುದನ್ನು ತಡೆಯುತ್ತದೆ. ಗ್ರೀನ್‌ಲ್ಯಾಂಡಿನ ರಾಜಧಾನಿ ನೂಕ್ ನಗರದ ಪಕ್ಕದ ಫಿಯಾರ್ಡಿನಲ್ಲಿ ಹಿಮನದಿಗಳು ಕಡಲಿಗೇ ಇಳಿದಿವೆ, ಈಶಾನ್ಯ ಗ್ರೀನ್‌ಲ್ಯಾಂಡಿನ ಯಂಗ್ ಸೌಂಡ್‌ನಲ್ಲಿ ಅವು ನೆಲದ ಮೇಲೇ ನಿಂತಿವೆ. 2017ರಲ್ಲಿ ಪ್ರಕಟವಾದ ಹೋಲಿಕೆಯೊಂದು ಮೊದಲನೆಯದರ ಬೇಸಿಗೆಯ ಸಸ್ಯಪ್ಲವಕ ಉತ್ಪಾದನೆ ಎರಡನೆಯದಕ್ಕಿಂತ ಬಹಳ ಹೆಚ್ಚೆಂದು ತೋರಿಸಿತು. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ, 2008ರಿಂದ ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರವಿರುವ ಕಾಂಗ್ಸ್‌ಫಿಯಾರ್ಡಿನಲ್ಲೇ, ಕ್ರೋನೆಬ್ರೀನ್ ಹಿಮನದಿಯ ಮುಂದೆ ಕಂದುನೀರು ಉಕ್ಕಿ ಬರುವ ಜಾಗದಲ್ಲಿ ಕಿಟಿವೇಕ್ ಎಂಬ ಕಡಲಹಕ್ಕಿಗಳು ಗುಂಪುಗೂಡಿ ಮೇಯುತ್ತವೆ. ಆಳದಿಂದ ಎತ್ತಲ್ಪಟ್ಟ ಸಣ್ಣ ಜೀವಿಗಳು ಅವಕ್ಕೆ ಅಲ್ಲಿ ಸುಲಭವಾಗಿ ಸಿಗುತ್ತವೆ.

ದಕ್ಷಿಣ ಧ್ರುವದ ಲೆಕ್ಕ ಬೇರೆ. ಅಲ್ಲಿನ ಕಡಲಿನಲ್ಲಿ ನೈಟ್ರೇಟ್ ಧಾರಾಳವಾಗಿದೆ, ಕೊರತೆಯಿರುವುದು ಕಬ್ಬಿಣಕ್ಕೆ. ಕಡಲ ವಿಜ್ಞಾನಿ ಜಾನ್ ಮಾರ್ಟಿನ್ 1990ರಲ್ಲಿ ಮಂಡಿಸಿದ, ಕಬ್ಬಿಣ ಸೇರಿದರೆ ಸಸ್ಯಪ್ಲವಕಗಳು ಹೆಚ್ಚುತ್ತವೆಂಬ ‘ಕಬ್ಬಿಣದ ಊಹೆ’ ಈ ಕೊರತೆಯನ್ನೇ ಆಧರಿಸಿತ್ತು. ಅಮುಂಡ್ಸೆನ್ ಸಮುದ್ರದಲ್ಲಿ ಬೆಚ್ಚಗಿನ ಆಳದ ನೀರು, ಕಡಲ ಮೇಲೆ ತೇಲುವ ಹಿಮಚಾಚುಗಳನ್ನು ಅಡಿಯಿಂದ ಕರಗಿಸಿದಾಗ ಕಬ್ಬಿಣ ಮೇಲಿನ ಪದರ ಸೇರುತ್ತದೆ, ಅದರಲ್ಲಿ ಹಿಮದ್ದೂ ಉಂಟು, ಆಳದ ನೀರಿನದ್ದೂ ಉಂಟು. ಅಲ್ಲಿಗೆ ಎರಡು ಕ್ರಿಯಾಪದಗಳೂ ಬೇಕು. ಹೊತ್ತು ತಂದ ಕಬ್ಬಿಣದ ದೊಡ್ಡ ಪಾಲು ಉಪ್ಪುನೀರು ತಾಗಿದೊಡನೆ ಗರಣೆಗಟ್ಟಿ ತಳ ಸೇರುತ್ತದೆಂಬುದನ್ನೂ ಮರೆಯಬಾರದು.

ನೈಟ್ರೇಟ್, ಸಿಲಿಕಾಗಳನ್ನು ಕನ್ನಡಿಸಲೇಬೇಕೆಂದು ಪಟ್ಟು ಹಿಡಿದವರಿಗೆ ಒಂದು ಮಾತು. ಶಿರಸಿಯ ತೋಟದವರು ಸೊಸೈಟಿಯಲ್ಲಿ ಯೂರಿಯಾ, ಪೊಟ್ಯಾಷ್ ಎಂದೇ ಕೇಳಿ ಕೊಳ್ಳುತ್ತಾರೆ, ಅದರಿಂದ ಕನ್ನಡ ಬಡವಾಗಿಲ್ಲ. ಫಿಯಾರ್ಡ್ ಎಂಬುದಕ್ಕೆ ಕೊಲ್ಲಿ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಕಾರವಾರದ ಕೊಲ್ಲಿಯನ್ನು ಯಾವ ಹಿಮನದಿಯೂ ಕೊರೆದಿಲ್ಲ, ಆ ಕೊರೆತವೇ ಫಿಯಾರ್ಡಿನ ಲಕ್ಷಣ. ವಸ್ತುವಿನ ಹೆಸರನ್ನು ಹೊರಗಿನಿಂದ ತರಬಹುದು. ಅದು ಏನು ಮಾಡುತ್ತದೆಂಬುದನ್ನು ಹೇಳುವ ಕ್ರಿಯಾಪದಗಳು ನಮ್ಮಲ್ಲಿ ಬೇಕಾದಷ್ಟಿವೆ: ಹೊರು, ಎತ್ತು, ಎಳೆ, ಕದಡು, ಉಕ್ಕು. ನಮ್ಮ ಶ್ರಮ ಅವುಗಳನ್ನು ಆರಿಸುವಲ್ಲಿ ಖರ್ಚಾಗಲಿ.

ಫಲಕಕ್ಕೆ ಈ ಪಾಠವನ್ನು ಸೂಚಿಸುತ್ತೇನೆ:

‘ಹಿಮನದಿ ಕರಗಿ ಬಂದ ನೀರು ಬಂಡೆಯ ಕಬ್ಬಿಣ, ಸಿಲಿಕಾಗಳನ್ನು ಕಡಲಿಗೆ ಹೊತ್ತು ತರುತ್ತದೆ. ಹಿಮನದಿಯ ತುದಿ ಕಡಲಿನೊಳಗಿದ್ದರೆ, ಅದೇ ನೀರು ಆಳದಿಂದ ಮೇಲೇರುವಾಗ ಕಡಲಿನ ಪೋಷಕಾಂಶಗಳನ್ನು ಬೆಳಕಿನ ಪದರಕ್ಕೆ ಎತ್ತಿ ತರುತ್ತದೆ.’

ಫಲಕದ ಚಿತ್ರದಲ್ಲಿ ಹಿಮನದಿಯ ತುದಿ ನೆಲದ ಮೇಲೆ ನಿಂತಿದ್ದರೆ ಎರಡನೆಯ ವಾಕ್ಯ ಅದಕ್ಕೆ ಹೊಂದುವುದಿಲ್ಲ. ಬರೆಯುವವರಿಗೆ ಕೊಡುವ ಮೊದಲು ಚಿತ್ರವನ್ನೊಮ್ಮೆ ನೋಡಿಕೊಳ್ಳಿ.