ಹಳೆಯ ಅಂಬಾಸಿಡರ್ ಬಾಗಿಲಿನೊಳಗೆ ನೀರು ತಡೆಯುವ ಹಾಳೆ: ಯಾವುದು ಒಳ್ಳೆಯದು, ಹೇಗೆ ಅಂಟಿಸಬೇಕು?

ಪ್ರಶ್ನೆ (ತೀರ್ಥಹಳ್ಳಿಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ತಂದೆಯವರ ಕಾಲದ ಅಂಬಾಸಿಡರ್ ಮಾರ್ಕ್ 4 ಇದೆ. ಎಂಜಿನ್ನಿನದು ಯಾವ ತಕರಾರೂ ಇಲ್ಲ. ಆದರೆ ಪುನರ್ವಸು, ಪುಷ್ಯ ಮಳೆಗಳ ಹೊತ್ತಿಗೆ ಡೋರ್ ಪ್ಯಾಡುಗಳು (ಬಾಗಿಲಿನ ಒಳಬದಿಯ ಹೊದಿಕೆಗಳು) ಕೆಳಭಾಗದಲ್ಲಿ ಉಬ್ಬಿಕೊಂಡು, ರೆಕ್ಸಿನ್ ಬಿಟ್ಟು, ಹಿಂದಿನ ಹಾರ್ಡ್‌ಬೋರ್ಡು ನೆನೆದ ರಟ್ಟಿನಂತೆ ಪದರ ಪದರವಾಗಿ ಏಳುತ್ತದೆ. ಕಾಲಡಿಯ ಮ್ಯಾಟಿನ ಕೆಳಗೆ ಸದಾ ಪಸೆ, ಕಾರಿನೊಳಗೆ ಬೂಷ್ಟಿನ ವಾಸನೆ. ಈಗ ಬೇಸಿಗೆಯಲ್ಲಿ ಚಾಲಕನ ಕಡೆಯ ಪ್ಯಾಡನ್ನು ಬಿಚ್ಚಿ ನೋಡಿದಾಗ ಒಳಗಿನ ತಗಡಿನ ಅಂಚಿನಲ್ಲಿ ಹರಿದುಹೋದ ಕಪ್ಪು ಕಾಗದದ ಚೂರುಗಳು ಮಾತ್ರ ಕಂಡವು. ಅಲ್ಲಿ ಹಿಂದೆ ಒಂದು ಹಾಳೆ ಇದ್ದಿರಬೇಕು.

ಗ್ಯಾರೇಜಿನವರೊಬ್ಬರು, ಒಳತಗಡಿನ ಕಿಂಡಿಗಳಿಗೆಲ್ಲ ಪ್ಲಾಸ್ಟಿಕ್ ಹಾಕಿ ಸುತ್ತಲೂ ಸಿಲಿಕೋನ್ ಹೊಡೆಯೋಣ, ಬಾಗಿಲಿನ ತಳದ ರಂಧ್ರಗಳನ್ನೂ ಮುಚ್ಚಿದರೆ ಬೇಸಿಗೆಯ ಕೆಂಪು ಧೂಳೂ ಬರುವುದಿಲ್ಲ ಎನ್ನುತ್ತಾರೆ. 2014ರಲ್ಲಿ ಈ ಕಾರಿನ ತಯಾರಿಕೆಯೇ ನಿಂತಿರುವುದರಿಂದ ಬಾಗಿಲು ಹಾಳಾದರೆ ಒಳ್ಳೆಯದೊಂದನ್ನು ಹುಡುಕುವುದು ಕಷ್ಟ. ಆದ್ದರಿಂದ ಕೈಹಾಕುವ ಮುನ್ನ ತಿಳಿದವರನ್ನು ಕೇಳುತ್ತಿದ್ದೇನೆ.

ಉತ್ತರ 1 (ಶಿವಮೊಗ್ಗದಿಂದ)

ಮೊದಲನೆಯ ಮಾತು: ತಳದ ರಂಧ್ರಗಳನ್ನು ದಯವಿಟ್ಟು ಮುಚ್ಚಿಸಬೇಡಿ. ಬಾಗಿಲಿನ ಹೊಟ್ಟೆಯೊಳಗೆ ನೀರು ಹೋಗುವುದು ದೋಷವಲ್ಲ. ಗಾಜಿನ ಹೊರಮೈಗೆ ಬಡಿದ ಮಳೆ ಗಾಜಿನ ಬುಡದ ರಬ್ಬರ್ ಪಟ್ಟಿಯ, ಅಂದರೆ ಬೀಡಿಂಗಿನ, ಸಂದಿಯಿಂದ ಸ್ವಲ್ಪವಾದರೂ ಒಳಗೆ ಇಳಿದೇ ಇಳಿಯುತ್ತದೆ. ಒದ್ದೆ ಗಾಜನ್ನು ಕೆಳಗಿಳಿಸಿದರಂತೂ ಅದರೊಡನೆ ಇನ್ನಷ್ಟು ನೀರು ಹೋಗುತ್ತದೆ. ಆ ನೀರು ಹೊರತಗಡಿನ ಒಳಮೈಯನ್ನು ಹಿಡಿದು ಇಳಿದು ತಳದ ರಂಧ್ರಗಳಿಂದ ಹೊರಬೀಳಲಿ ಎಂದೇ ಬಾಗಿಲನ್ನು ಹಾಗೆ ಕಟ್ಟಿದ್ದಾರೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಪಕ್ಕದಲ್ಲೇ ಇರುವ ತಾವು ಆ ದಾರಿಯನ್ನು ಮುಚ್ಚಿದರೆ ನೀರು ಒಳಗೇ ನಿಂತು, ಎರಡು ತಗಡುಗಳನ್ನು ಮಡಚಿ ಕೂಡಿಸಿದ ತಳದ ಅಂಚು ತುಕ್ಕು ಹಿಡಿದು ತೂತಾಗುವುದು ಖಂಡಿತ.

ಹಾಳೆಯ ಕೆಲಸ ಬೇರೆ. ಗಾಜನ್ನು ಏರಿಸಿ ಇಳಿಸುವ ರೆಗ್ಯುಲೇಟರಿಗೆ ಬಡಿದು ಸಿಡಿಯುವ ಹನಿಗಳು ಒಳತಗಡಿನ ದೊಡ್ಡ ಕಿಂಡಿಗಳ ಮೂಲಕ ಪ್ಯಾಡಿನ ಬೆನ್ನಿಗೆ ತಾಗದಂತೆ ತಡೆದು, ಮತ್ತೆ ಬಾಗಿಲಿನ ಹೊಟ್ಟೆಗೇ ಬೀಳಿಸುವುದು ಅದರ ಕೆಲಸ. ಹಾಗಾಗಿ ಹಾಳೆಯ ಕೆಳಅಂಚು ಎಲ್ಲಿರುತ್ತದೆ ಎಂಬುದೇ ಎಲ್ಲಕ್ಕಿಂತ ಮುಖ್ಯ, ಮತ್ತು ಹೆಚ್ಚಿನ ಗ್ಯಾರೇಜುಗಳಲ್ಲಿ ತಪ್ಪುವುದೂ ಅಲ್ಲೇ. ಕೆಳಅಂಚನ್ನು ತಗಡಿನ ಮುಂದೆ ಇಳಿಬಿಟ್ಟು ಅಂಟಿಸಿದರೆ, ಹಾಳೆಯ ಮೇಲೆ ಇಳಿದುಬಂದ ನೀರು ಅಂಟಿನ ಮೇಲೆ ನಿಂತು, ಸಣ್ಣ ಸಂದಿ ಸಿಕ್ಕಿದೊಡನೆ ನೇರವಾಗಿ ಪ್ಯಾಡಿಗೆ ಹೋಗುತ್ತದೆ. ಕೆಲವು ಕಾರುಗಳಲ್ಲಿ ಅಂಚನ್ನು ತೂರಿಸಲೆಂದೇ ತಗಡಿನಲ್ಲಿ ಉದ್ದನೆಯ ಸೀಳು ಇರುತ್ತದೆ. ಇಲ್ಲದಿದ್ದಲ್ಲಿ ಅತ್ಯಂತ ಕೆಳಗಿನ ಕಿಂಡಿಯ ಒಳಕ್ಕೆ ಹಾಳೆಯನ್ನು ತೂರಿಸಿ ನಾಲ್ಕೈದು ಸೆಂಟಿಮೀಟರಿನಷ್ಟು ಒಳಗೆ ಇಳಿಬಿಡಿ. ಅದಕ್ಕಿಂತ ಉದ್ದ ಬಿಟ್ಟರೆ ಅದು ತಳಕ್ಕೆ ಕೂತು ರಂಧ್ರಗಳನ್ನೇ ಮುಚ್ಚಬಹುದು, ಅಥವಾ ರೆಗ್ಯುಲೇಟರಿನ ತೋಳಿಗೆ ಸಿಕ್ಕಿ ಹರಿಯಬಹುದು.

ಹಾಳೆಗೆ ದೂರ ಹೋಗಬೇಕಾಗಿಲ್ಲ. ಕೃಷಿ ಸಾಮಗ್ರಿಯ ಅಂಗಡಿಯಲ್ಲಿ ತೂಕಕ್ಕೆ ಸಿಗುವ 150 ಮೈಕ್ರಾನಿನ ಪಾಲಿಥೀನ್ ಸಾಕು. ಹಳೆಯ ಪ್ಯಾಡನ್ನೇ ಅದರ ಮೇಲಿಟ್ಟು ಗುರುತು ಮಾಡಿ, ಕೆಳಗಡೆ ಮಾತ್ರ ಹೆಚ್ಚು ಬಿಟ್ಟು ಕತ್ತರಿಸಿ. ಗಾಜು ಏರಿಸುವ ಹಿಡಿಯ ದಂಡಕ್ಕೆ ದುಂಡನೆಯ ತೂತು ಮಾಡದೆ ದಂಡಕ್ಕಿಂತ ಚಿಕ್ಕದಾದ ಅಡ್ಡ-ಉದ್ದ ಸೀಳು ಕೊಟ್ಟರೆ ಹಾಳೆ ದಂಡವನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ.

ಅಂಟಿಗೆ ಬ್ಯೂಟೈಲ್ ಟೇಪನ್ನೇ (ಮೆತ್ತಗಿನ ರಬ್ಬರ್ ಅಂಟಿನ ಪಟ್ಟಿ) ಬಳಸಿ. ಅದು ಒಣಗಿ ಗಟ್ಟಿಯಾಗುವುದಿಲ್ಲ. ಮುಂದೆ ರೆಗ್ಯುಲೇಟರ್ ರಿಪೇರಿಗೆ ಬಿಚ್ಚಬೇಕಾದಾಗ ನಿಧಾನವಾಗಿ ಎಳೆದರೆ ಹಾಳೆ ಹರಿಯದೆ ಬರುತ್ತದೆ, ಮತ್ತೆ ಒತ್ತಿದರೆ ಕೂರುತ್ತದೆ. ಹುಳಿ ವಾಸನೆ ಬರುವ ಸಾಮಾನ್ಯ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಬಣ್ಣ ಹೋಗಿ ಬರಿದಾದ ತಗಡಿಗೆ ಅದು ತುಕ್ಕಿನ ಬೀಜ. ಮೇಲಾಗಿ ಸಿಲಿಕೋನ್ ತಾಗಿದ ಜಾಗದಲ್ಲಿ ಮುಂದೆ ಬಣ್ಣವೂ ನಿಲ್ಲುವುದಿಲ್ಲ.

ಉತ್ತರ 2 (ಸಾಗರದಿಂದ)

ಶಿವಮೊಗ್ಗದವರು ಹೇಳಿದ್ದೆಲ್ಲ ಸರಿ. ನಾನಾದರೆ ಪಾಲಿಥೀನಿಗೆ ಬದಲು ಅಲ್ಯೂಮಿನಿಯಂ ಮುಖದ ಬ್ಯೂಟೈಲ್ ಹಾಳೆಯನ್ನೇ ಕಿಂಡಿಗಳ ಮೇಲೆ ಒತ್ತಿಬಿಡುತ್ತೇನೆ. ನೀರೂ ನಿಲ್ಲುತ್ತದೆ, ಬಾಗಿಲಿನ ತಗಡಿನ ಸದ್ದೂ ಅಡಗುತ್ತದೆ. ನಮ್ಮ ಕಡೆಯ ಹಳ್ಳಿ ರಸ್ತೆಗಳಲ್ಲಿ ಅದರ ಬೆಲೆ ತಿಳಿಯುತ್ತದೆ.

ಉತ್ತರ 1ರವರಿಂದ

ಸದ್ದಿನ ವಿಷಯದಲ್ಲಿ ತಮ್ಮ ಮಾತು ನಿಜ. ಹೊರತಗಡಿನ ಒಳಮೈಗೆ ಆ ಹಾಳೆಯನ್ನು ಅಂಟಿಸುವುದನ್ನು ನಾನೂ ಒಪ್ಪುತ್ತೇನೆ. ಆದರೆ ಕಿಂಡಿಗಳ ಮೇಲೆ ಬೇಡವೆನ್ನುತ್ತೇನೆ. ಹಳೆಯ ಕಾರಿನಲ್ಲಿ ಬೀಗ, ರೆಗ್ಯುಲೇಟರ್, ಗಾಜು ಜಾರುವ ಓಟೆ ಇವುಗಳಿಗಾಗಿ ಬಾಗಿಲು ಬಿಚ್ಚುವುದು ಆಗಾಗ ಬರುವ ಕೆಲಸ. ಕಿಂಡಿಗೆ ಕಚ್ಚಿಕೂತ ಆ ಹಾಳೆಯನ್ನು ಚೂರು ಚೂರಾಗಿ ಕಿತ್ತು, ಉಳಿದ ಅಂಟನ್ನು ತಿನ್ನರಿನಿಂದ ಉಜ್ಜುವುದರಲ್ಲಿ ಮೆಕ್ಯಾನಿಕ್ಕಿನ ತಾಳ್ಮೆ ತಪ್ಪಿದರೆ, ಮುಂದಿನ ಸಲ ಅವನು ಏನನ್ನೂ ಹಾಕದೆ ಪ್ಯಾಡ್ ಮುಚ್ಚಿಬಿಡುತ್ತಾನೆ. ತೀರ್ಥಹಳ್ಳಿಯವರ ಕಾರಿನ ಹಳೆಯ ಕಾಗದವೂ ಹಾಗೆಯೇ ಹೋಗಿರಬಹುದು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಇನ್ನೆರಡು ಸಂದೇಹಗಳಿವೆ. ಪ್ಯಾಡಿನ ಕ್ಲಿಪ್ಪುಗಳು ಹಾಳೆಯನ್ನು ಚುಚ್ಚಿಕೊಂಡೇ ಹೋಗಬೇಕಲ್ಲವೇ? ತಳದಲ್ಲಿ ಈಗಾಗಲೇ ಸ್ವಲ್ಪ ತುಕ್ಕು ಕಾಣುತ್ತಿದೆ, ಅದಕ್ಕೆ ಮೊದಲು ಏನು ಮಾಡಬೇಕು?

ಉತ್ತರ 3 (ಕೊಪ್ಪದಿಂದ)

ತುಕ್ಕಿನಿಂದಲೇ ಆರಂಭಿಸಿ. ತಳದಲ್ಲಿ ಕೂತ ಕೆಸರು, ಎಲೆಚೂರುಗಳನ್ನು ತೆಗೆದು, ರಂಧ್ರಗಳನ್ನು ತಂತಿಯಿಂದ ಬಿಡಿಸಿ, ತೊಳೆದು, ಪ್ಯಾಡ್ ಹಾಕದೆ ಬಿಸಿಲಿಗೆ ಬಿಡಿ. ಮಾಘ, ಫಾಲ್ಗುಣದ ಒಣಹವೆಯಲ್ಲಿ ಈ ಕೆಲಸ ಆಗಬೇಕು. ಜಡಿ ಮಳೆಯ ದಿನಗಳಲ್ಲಿ ಮಾಡಿದರೆ ತೇವವನ್ನೇ ಒಳಗಿಟ್ಟು ಮುಚ್ಚಿದಂತಾಗುತ್ತದೆ. ಒಣಗಿದ ಮೇಲೆ ಸಡಿಲ ತುಕ್ಕನ್ನು ಕೆರೆದು ತಳದ ಮಡಿಕೆಗೆ ತುಕ್ಕು ತಡೆಯುವ ಮೇಣವನ್ನು ಸಿಂಪಡಿಸಿ, ರಂಧ್ರಗಳು ತೆರೆದೇ ಇವೆಯೇ ಎಂದು ಮತ್ತೆ ನೋಡಿ. ಆ ಮೇಣ ಟೇಪ್ ಅಂಟಿಸುವ ಜಾಗಕ್ಕೆ ತಾಗಬಾರದು. ಎಣ್ಣೆಯ ಪಸೆ ಒಂದಿಷ್ಟಿದ್ದರೂ ಬ್ಯೂಟೈಲ್ ಹಿಡಿಯುವುದಿಲ್ಲ. ಆದ್ದರಿಂದ ಆ ಅಂಚನ್ನು ಕೊನೆಯಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ನಂತರ ಟೇಪ್ ಇಡಿ.

ಕ್ಲಿಪ್ಪಿಗೆ ಸುಲಭವಾದ ದಾರಿಯಿದೆ. ಟೇಪಿನ ಸಾಲನ್ನು ಕ್ಲಿಪ್ ತೂತುಗಳ ಒಳಬದಿಯಲ್ಲಿ, ಅಂದರೆ ಕಿಂಡಿಗಳಿಗೆ ಹತ್ತಿರವಾಗಿ ಎಳೆದರೆ ಹೆಚ್ಚಿನ ಕ್ಲಿಪ್ಪುಗಳು ಹಾಳೆಯ ಹೊರಗೇ ಉಳಿಯುತ್ತವೆ. ಹಾಳೆಯನ್ನು ಚುಚ್ಚಲೇಬೇಕಾದ ಕಡೆ ತೂತಿನ ಸುತ್ತ ಕಡಲೆಕಾಳಿನ ಗಾತ್ರದ ಬ್ಯೂಟೈಲ್ ಒತ್ತಿ, ಅದರ ಮೂಲಕವೇ ಕ್ಲಿಪ್ಪನ್ನು ತೂರಿಸಿ.

ಹೊಸ ಹಾರ್ಡ್‌ಬೋರ್ಡ್ ಕತ್ತರಿಸಿದರೆ ರೆಕ್ಸಿನ್ ಹೊದಿಸುವ ಮೊದಲು ಬೆನ್ನಿಗೂ ನಾಲ್ಕು ಅಂಚುಗಳಿಗೂ ಎರಡು ಕೈ ವಾರ್ನಿಷ್ ಕೊಡಿ. ಬೋರ್ಡು ನೀರು ಕುಡಿಯುವುದು ಹೆಚ್ಚಾಗಿ ಕತ್ತರಿಸಿದ ಅಂಚಿನಿಂದ.

ಪ್ಯಾಡ್ ಕೂರಿಸುವ ಮುನ್ನ ಗಾಜನ್ನು ಏರಿಸಿ, ಹೊರಗಿನಿಂದ ಬೀಡಿಂಗಿನ ಮೇಲೆ ಒಂದು ಬಿಂದಿಗೆ ನೀರನ್ನು ನಿಧಾನವಾಗಿ ಸುರಿಯಿರಿ. ನೀರು ತಳದ ರಂಧ್ರಗಳಿಂದ ಕೂಡಲೇ ಹರಿದುಬರಬೇಕು, ಹಾಳೆಯ ಈಚೆಯ ಮೈ ಮುಟ್ಟಿದರೆ ಒಣಗಿಯೇ ಇರಬೇಕು. ನೀರು ತುಂಬಾ ರಭಸದಿಂದ ಬಂದರೆ ಬೀಡಿಂಗಿನ ರಬ್ಬರ್ ಸತ್ತಿದೆ ಎಂದರ್ಥ. ಅದನ್ನೂ ಈಗಲೇ ಬದಲಿಸಿ.