25 ಸಾವಿರದೊಳಗೆ ಎಲೆಕ್ಟ್ರಿಕ್ ಗಿಟಾರ್: ನುಡಿಸುವವರು ಸ್ವಲ್ಪ ಹೇಳಿ

ಕೆಲವು ವರ್ಷಗಳಿಂದ ಅಕೌಸ್ಟಿಕ್ ನುಡಿಸುತ್ತಿದ್ದೇನೆ. ಈಗ ಎಲೆಕ್ಟ್ರಿಕ್ ತಗೊಳ್ಳುವ ಆಸೆ. ಸ್ಟೇಜ್ ಗೀಜ್ ಏನಿಲ್ಲ, ಆಫೀಸ್ ಮುಗಿಸಿ ಬಂದು ಮನೆಯಲ್ಲೇ ನುಡಿಸೋದು. ಬ್ಲೂಸ್, ಹಳೆಯ ಸಿನಿಮಾ ಹಾಡು, ಆಗೀಗ ರಾಕ್. ಎಲ್ಲ ಸೇರಿ 25,000 ರೂಪಾಯಿ ದಾಟಬಾರದು. ಇರೋದು ಮಂಗಳೂರು, ಬಾಡಿಗೆ ಮನೆ. ಯಾವುದು ತಗೊಳ್ಳಲಿ?

* * *

"ಎಲ್ಲ ಸೇರಿ" ಅಂದಿದ್ದೀರಲ್ಲ, ಆ ಮಾತು ಬಿಡಬೇಡಿ. ಪೂರ್ತಿ ದುಡ್ಡು ಗಿಟಾರ್‌ಗೇ ಸುರಿದರೆ ಆಂಪ್ (ಸದ್ದು ಜೋರು ಮಾಡುವ ಪೆಟ್ಟಿಗೆ), ಕೇಬಲ್, ಸೆಟಪ್‌ಗೆ (ತಂತಿಯ ಎತ್ತರ, ನೆಕ್ ಎಲ್ಲ ಸರಿಮಾಡಿಸೋದು) ಎಲ್ಲಿಂದ ತರ್ತೀರಿ? ಗಿಟಾರ್‌ಗೆ 17-18 ಸಾವಿರ ಅಂದುಕೊಂಡು ಹೊರಡಿ. ಡಿಸ್ಕೌಂಟ್ ಇದ್ದಾಗ ನೋಡಿದರೆ, ಇಲ್ಲವೇ ಸೆಕೆಂಡ್ ಹ್ಯಾಂಡ್ ಆದರೆ, ಆಯ್ಕೆ ಇನ್ನೂ ಜಾಸ್ತಿ.

ನನ್ನ ಓಟು ಯಮಹಾ ಪೆಸಿಫಿಕಾ 012ಕ್ಕೆ. ತಂತಿಯ ಕಂಪನ ಹಿಡಿಯುವ ಪಿಕಪ್ ಅದರಲ್ಲಿ ಮೂರು: ಬ್ರಿಡ್ಜ್ ಹತ್ತಿರ ಒಂದು ಹಂಬಕರ್ (ಜೋಡಿ ಕಾಯಿಲ್‌ನದು), ಮಧ್ಯಕ್ಕೆ ಮತ್ತು ನೆಕ್ ಕಡೆಗೆ ಸಿಂಗಲ್ ಕಾಯಿಲ್. ಬ್ಲೂಸ್‌ಗೆ ನೆಕ್ ಪಿಕಪ್ ಚೆನ್ನ. ರಾಕ್ ಬೇಕಾದಾಗ ಸ್ವಿಚ್ ತಳ್ಳಿ ಹಂಬಕರ್‌ಗೆ ಬಂದರಾಯಿತು, ಡಿಸ್ಟಾರ್ಷನ್ ಹಾಕಿದರೂ ಗುಂಯ್ ಅನ್ನೋದು ಕಡಿಮೆ.

ಸ್ಕ್ವೈರ್ ಫೆಂಡರ್‌ನವರದೇ ಅಗ್ಗದ ಬ್ರಾಂಡ್, ಎಪಿಫೋನ್ ಗಿಬ್ಸನ್‌ನವರದು. ಹೆಸರಿಗಿಂತ ಅಳತೆ ನೋಡಿ. ಫೆಂಡರ್ ಮಾದರಿಯಲ್ಲಿ ಸ್ಕೇಲ್ (ತಂತಿ ಮಿಡಿಯುವ ಭಾಗದ ಉದ್ದ) 25.5 ಇಂಚು, ಗಿಬ್ಸನ್ ಮಾದರಿಯಲ್ಲಿ 24.75. ಮುಕ್ಕಾಲು ಇಂಚು ಏನು ಮಹಾ ಅನಿಸಬಹುದು. ಆದರೆ ಅದೇ ತಂತಿ ಚಿಕ್ಕ ಸ್ಕೇಲಿನಲ್ಲಿ ಸ್ವಲ್ಪ ಸಡಿಲವಾಗಿರುತ್ತದೆ, ಬೆಂಡ್ ಮಾಡೋದು (ತಂತಿ ಪಕ್ಕಕ್ಕೆ ತಳ್ಳಿ ಸ್ವರ ಏರಿಸೋದು) ಸಲೀಸು. ಎರಡನ್ನೂ ಕೈಗೆತ್ತಿಕೊಂಡು ನೋಡದೆ ದುಡ್ಡು ಕೊಡಬೇಡಿ.

ಫ್ಲಾಯ್ಡ್ ರೋಸ್ ಟ್ರೆಮೊಲೊ (ಕಡ್ಡಿ ಒತ್ತಿ ಸ್ವರ ಏರಿಳಿಸುವ ಬ್ರಿಡ್ಜ್) ಮಾತ್ರ ಬೇಡವೇ ಬೇಡ. ಅದರಲ್ಲಿ ಆ ಕಡೆ ಸ್ಪ್ರಿಂಗು, ಈ ಕಡೆ ತಂತಿ ಎಳೆದು ಬ್ರಿಡ್ಜನ್ನು ನಿಲ್ಲಿಸಿರುತ್ತವೆ. ಒಂದು ತಂತಿ ಕಡಿದರೆ ಉಳಿದ ಐದರ ಶ್ರುತಿಯೂ ಏರಿ ಕೂರುತ್ತದೆ.

* * *

ಬ್ರಾಂಡ್ ವಿಷಯ ಮೇಲೆ ಬಂತು. ನನ್ನನ್ನು ಕೇಳಿದರೆ ಸೆಟಪ್ ಅದಕ್ಕಿಂತ ದೊಡ್ಡದು. ಸೆಟಪ್ ಸರಿಯಿರುವ ಅಗ್ಗದ ಕಾರ್ಟ್ ಬ್ರಾಂಡಿನ ಗಿಟಾರ್, ಸೆಟಪ್ ಕೆಟ್ಟ ದುಬಾರಿ ಗಿಟಾರ್‌ಗಿಂತ ಕೈಗೆ ಹಿತ. 12ನೇ ಫ್ರೆಟ್ (ನೆಕ್ ಮೇಲಿನ ಲೋಹದ ಪಟ್ಟಿ) ಮೇಲೆ ತಂತಿಯ ಎತ್ತರ ಸುಮಾರು 1.5ರಿಂದ 2 ಮಿ.ಮೀ. ಇದ್ದರೆ ಆರಾಮ. ಅಲ್ಲೇ ಒಮ್ಮೆ ಹಾರ್ಮೋನಿಕ್ (ತಂತಿ ಒತ್ತದೆ ಬೆರಳು ಬರೀ ತಾಗಿಸಿ) ಮೀಟಿ, ಒಮ್ಮೆ ಒತ್ತಿ ಮೀಟಿ. ಟ್ಯೂನರ್ ಎರಡಕ್ಕೂ ಒಂದೇ ತೋರಿಸಬೇಕು. ಸ್ವಲ್ಪ ತಪ್ಪಿದರೆ ಹೆದರಬೇಡಿ, ಬ್ರಿಡ್ಜಿನಲ್ಲಿ ತಂತಿ ಕೂರುವ ಸ್ಯಾಡಲ್ ಹಿಂದೆ ಮುಂದೆ ಸರಿಸಿದರೆ ಸರಿಹೋಗುತ್ತದೆ. ನೆಕ್ ತಿರುಚಿಕೊಂಡಿದ್ದರೆ ಮಾತ್ರ ವಾಪಸ್ ಇಟ್ಟು ಬನ್ನಿ. ನೆಕ್ ಒಳಗಿನ ಸರಳು, ಅಂದರೆ ಟ್ರಸ್ ರಾಡ್, ಬಾಗು ತಿದ್ದುತ್ತದೆ, ತಿರುಚಿದ್ದನ್ನು ಅಲ್ಲ. ನೆಕ್‌ನ ಅಂಚಿನುದ್ದಕ್ಕೂ ಕೈ ಜಾರಿಸಿ, ಫ್ರೆಟ್ ತುದಿ ಗೀರಬಾರದು.

ಇನ್ನೊಂದು ವಿಷಯ. ಅಕೌಸ್ಟಿಕ್‌ನಿಂದ ಬಂದವರ ಕೈ ಭಾರ, ಅಲ್ವಾ? ಅಲ್ಲಿ 12ರ ತಂತಿ (ಅತಿ ತೆಳುವಾದ ತಂತಿಯ ದಪ್ಪ 0.012 ಇಂಚು) ಒತ್ತಿ ಅಭ್ಯಾಸ. ಇಲ್ಲಿ ಸಾಮಾನ್ಯವಾಗಿ 9ರ ತಂತಿ ಹಾಕಿರುತ್ತಾರೆ. ಅದೇ ಜೋರಿನಲ್ಲಿ ಒತ್ತಿದರೆ ಸ್ವರ ಮೇಲೇರಿ ಕಾರ್ಡ್ ಪೂರ್ತಿ ಅಪಸ್ವರ. ಸುಮ್ನೆ ಗಿಟಾರ್ ಬೈಯೋದು ಬೇಡ. ಮೊದಲಿಗೆ 10ರ ಸೆಟ್ ಹಾಕಿಸಿ.

* * *

ನಾನು ಉಡುಪಿಯವಳು. ನಮ್ಮ ಕರಾವಳಿಯಲ್ಲಿ ತಂತಿ ಬೇಗ ತುಕ್ಕು ಹಿಡಿಯುತ್ತದೆ, ಮಳೆಗಾಲದಲ್ಲಂತೂ ಕೇಳಲೇಬೇಡಿ. ನುಡಿಸಿ ಆದ ಮೇಲೆ ಹಳೆ ಪಂಚೆ ತುಂಡಿನಿಂದ ಒರೆಸಿಡಿ, ತಂತಿಯ ಅಡಿಭಾಗವನ್ನೂ. ಕೋಟಿಂಗ್ ಇರುವ ತಂತಿಗೆ ಬೆಲೆ ಜಾಸ್ತಿ, ಆದರೆ ಬಾಳಿಕೆ ಬರುತ್ತದೆ.

ಬಾಡಿಗೆ ಮನೆ ಅಂದಿರಿ. ಆಂಪ್ ಹಾಕುವ ಪಾಯಿಂಟ್‌ಗೆ ಅರ್ತಿಂಗ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಗುಂಯ್ ಸದ್ದಿನ ಮಾತಷ್ಟೇ ಅಲ್ಲ, ಆಂಪ್ ಕೆಟ್ಟರೆ ತಂತಿಯಿಂದಲೇ ಕೈಗೆ ಶಾಕ್ ಹೊಡೆಯಬಹುದು. ತಂತಿ ಮುಟ್ಟಿದ ಕೂಡಲೇ ಗುಂಯ್ ಸದ್ದು ಇಳಿದರೆ ಅದು ಸಹಜ, ತಂತಿಗೂ ಬ್ರಿಡ್ಜ್ ಮೂಲಕ ಗ್ರೌಂಡ್ ವೈರ್ ಸಂಪರ್ಕ ಇರುತ್ತದೆ.

* * *

ರಾತ್ರಿ ನುಡಿಸೋದಾದರೆ 10 ವ್ಯಾಟ್‌ನ ಚಿಕ್ಕ ಆಂಪ್ ಧಾರಾಳವಾಯಿತು. ಹೆಡ್‌ಫೋನ್ ಹಾಕಲು ಜಾಗ ಇರಲಿ ಅಷ್ಟೆ. ವಾಕ್ಸ್ ಆಂಪ್‌ಪ್ಲಗ್ ತರಹದ್ದನ್ನು ನೇರ ಗಿಟಾರ್‌ಗೇ ಸಿಕ್ಕಿಸಿ ಹೆಡ್‌ಫೋನಿನಲ್ಲಿ ಕೇಳಬಹುದು, ಪಕ್ಕದ ಮನೆಯವರ ತಕರಾರೂ ಇಲ್ಲ.

ಸೆಕೆಂಡ್ ಹ್ಯಾಂಡ್ ನೋಡಿದರೆ ನಾಬ್ ತಿರುಗಿಸಿದಾಗ ಕರಕರ ಅನ್ನೋದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಸಾಮಾನ್ಯವಾಗಿ ಹೋಗುತ್ತದೆ. ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ ತಂತಿಯ ಕೆಳಗೆ ಗುಳಿ ಬಿದ್ದಿದೆಯಾ ನೋಡಿ. ಆಳವಾಗಿ ಸವೆದಿದ್ದರೆ ಫ್ರೆಟ್ ಬದಲಿಸುವ ಖರ್ಚು ದೊಡ್ಡದು. ಅದನ್ನು ತೋರಿಸಿಯೇ ಚೌಕಾಸಿ ಮಾಡಿ.